ಪುರಸಭೆ ಪುಟದಲ್ಲಿ ಬರೀ ಬೈಗುಳ, ಕಮೆಂಟ್ ಮುಚ್ಚಿಬಿಡಲೇ?

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯ ಒಂದು ಪುರಸಭೆಯಲ್ಲಿ ಕಂಪ್ಯೂಟರ್ ಆಪರೇಟರ್. ಎಂಟು ತಿಂಗಳ ಹಿಂದೆ ಮುಖ್ಯಾಧಿಕಾರಿಗಳು ಫೇಸ್‌ಬುಕ್ ಪುಟ, ವಾಟ್ಸಾಪ್ ಗ್ರೂಪ್ ಎರಡನ್ನೂ ನನಗೆ ಒಪ್ಪಿಸಿದರು. ಸಭೆಯ ಫೋಟೊ, ಜಯಂತಿ ಫೋಟೊ, ತೆರಿಗೆ ಪ್ರಕಟಣೆ ಎಲ್ಲ ಹಾಕುತ್ತೇನೆ. ಹತ್ತು ಲೈಕ್ ಬಂದರೆ ಜಾಸ್ತಿ, ಅದೂ ನಮ್ಮ ಸಿಬ್ಬಂದಿಯವೇ. ಕೆಳಗೆ ಮಾತ್ರ ಬೈಗುಳ: ನೀರಿಲ್ಲ, ಗಟಾರ ತೆಗೆದಿಲ್ಲ, ದುಡ್ಡು ತಿಂದಿರಿ. ಒಬ್ಬರಂತೂ ದಿನಾ ಬಿಡದೆ ಬರೆಯುತ್ತಾರೆ. ಕಮೆಂಟ್ ಮುಚ್ಚಿಬಿಡು ಅಂತ ಆಫೀಸಿನಲ್ಲಿ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ:

ತಂಗಿ, ಮುಚ್ಚಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅನ್ನುವುದನ್ನು ಆಮೇಲೆ ನಿಧಾನಕ್ಕೆ ಓದಿ.

ನೀವು ಬರೆದ ಬೈಗುಳಗಳನ್ನೇ ಇನ್ನೊಮ್ಮೆ ನೋಡಿ. ನೀರಿಲ್ಲ. ಗಟಾರ ತೆಗೆದಿಲ್ಲ. ದುಡ್ಡು ತಿಂದಿರಿ. ಮೊದಲ ಎರಡು ದೂರು, ಮೂರನೆಯದು ಲೆಕ್ಕ ಕೇಳುವ ಪ್ರಶ್ನೆ, ಸಿಟ್ಟಿನಲ್ಲಿ ಕೇಳಿದ್ದಾರೆ ಅಷ್ಟೇ. ನೀವು ಹಾಕಿದ್ದು ಜಯಂತಿಯ ಫೋಟೊ. ಅವರಿಗೆ ಬೇಕಾಗಿದ್ದು ನಳಕ್ಕೆ ನೀರು ಯಾವಾಗ ಬರುತ್ತದೆ ಅನ್ನುವ ಸುದ್ದಿ. ಅದು ಎಲ್ಲೂ ಸಿಗದಿದ್ದಾಗ ಫೋಟೊದ ಕೆಳಗೇ ಬಂದು ಕೇಳುತ್ತಾರೆ, ಅವರಿಗೆ ತೆರೆದಿರುವ ಬಾಗಿಲು ಅದೊಂದೇ. ಹತ್ತು ವರ್ಷಗಳಿಂದ ಧಾರವಾಡ, ಗದಗ, ಹಾವೇರಿ ಕಡೆಯ ಪುರಸಭೆ, ಗ್ರಾಮ ಪಂಚಾಯಿತಿಗಳ ಸಿಬ್ಬಂದಿಗೆ ಇದೇ ವಿಷಯದಲ್ಲಿ ತರಬೇತಿ ಕೊಡುತ್ತಿದ್ದೇನೆ. ಕಮೆಂಟ್ ಮುಚ್ಚಿದ ಕಚೇರಿಗಳನ್ನೂ ನೋಡಿದ್ದೇನೆ. ಬೈಗುಳ ನಿಲ್ಲುವುದಿಲ್ಲ, ಊರಿನ ಬೇರೆ ಗ್ರೂಪುಗಳಿಗೆ ಹೋಗುತ್ತದೆ. ಅಲ್ಲಿ ನೀವು ಇರುವುದಿಲ್ಲ, ಉತ್ತರ ಕೊಡುವವರು ಯಾರೂ ಇರುವುದಿಲ್ಲ, ಒಂದಕ್ಕೆ ನಾಲ್ಕು ಸೇರಿಕೊಂಡು ಬೆಳೆಯುತ್ತದೆ.

ನಾನು ಸಣ್ಣವನಿದ್ದಾಗ ಗದಗ ಸೀಮೆಯ ನಮ್ಮೂರಲ್ಲಿ ಡಂಗುರ ಸಾರುತ್ತಿದ್ದರು. ಹಲಗೆ ಬಾರಿಸಿಕೊಂಡು ಬರುವವರು ಅಗಸಿ ಹತ್ತಿರ ಒಮ್ಮೆ, ಗುಡಿ ಕಟ್ಟೆ ಹತ್ತಿರ ಒಮ್ಮೆ ನಿಂತು ವಿಷಯ ಹೇಳುತ್ತಿದ್ದರು. ಹೇಳಿ ಮುಗಿಸಿದ ಕೂಡಲೇ ಮುಂದಕ್ಕೆ ಹೋಗಲು ಮಂದಿ ಬಿಡುತ್ತಿರಲಿಲ್ಲ. ಯಾರಾದರೂ ತಡೆದು "ಎಷ್ಟೊತ್ತಿಗೆ? ನಮ್ಮ ಓಣಿಗೂ ಬರ್ತಾರೇನು?" ಎಂದು ಕೇಳುವವರೇ. ಗೊತ್ತಿದ್ದರೆ ಹೇಳುತ್ತಿದ್ದರು, ಗೊತ್ತಿಲ್ಲದಿದ್ದರೆ "ಚಾವಡ್ಯಾಗ ಕೇಳಿ ಹೇಳ್ತೀನ್ರಿ" ಎಂದು ಹೋಗಿ, ಸಂಜೆ ಬಂದು ಹೇಳುತ್ತಿದ್ದರು. ನಿಮ್ಮ ಪುಟದ ಕಮೆಂಟ್ ಜಾಗ ಅಂದರೆ ಆ ಕಟ್ಟೆಯೇ. ಅಲ್ಲಿ ನಿಂತು ಸಾರಿ, ಕೇಳಿದವರಿಗೆ ಬೆನ್ನು ತಿರುಗಿಸಿ ಹೋದರೆ ಊರಿನವರಿಗೆ ಸಿಟ್ಟು ಬರುವುದಿಲ್ಲವೇ?

ಉತ್ತರ ಕೊಡಬೇಕಾದರೆ ನಿಮಗೆ ಗೊತ್ತಿರಬೇಕಲ್ಲ. ನಿಮ್ಮ ನಿಜವಾದ ತೊಂದರೆ ಇಲ್ಲಿದೆ ಅಂತ ನನಗೆ ಅನಿಸುತ್ತದೆ. ನೀರು ಯಾವಾಗ ಬಿಡುತ್ತಾರೆ ಅನ್ನುವುದು ವಾಲ್ವ್‌ಮನ್‌ಗೆ ಗೊತ್ತು. ಗಟಾರ ಯಾವ ದಿನ ತೆಗೆಯುತ್ತಾರೆ ಅನ್ನುವುದು ಹೆಲ್ತ್ ಇನ್ಸ್‌ಪೆಕ್ಟರ್‌ಗೆ ಗೊತ್ತು. ರಸ್ತೆ ಕೆಲಸ ಯಾಕೆ ನಿಂತಿದೆ ಅನ್ನುವುದು ಎಂಜಿನಿಯರ್‌ಗೆ ಗೊತ್ತು. ಪಾಸ್‌ವರ್ಡ್ ಮಾತ್ರ ನಿಮ್ಮ ಹತ್ತಿರ! ನಿಮಗೆ ಯಾರೂ ಏನೂ ಹೇಳುವುದಿಲ್ಲ. ಹೀಗಾಗಿ ನಿಮ್ಮ ಕೈಗೆ ಸಿಗುವುದು ಸಭೆಯ ಫೋಟೊ ಒಂದೇ, ಅದನ್ನೇ ಹಾಕುತ್ತೀರಿ. ಇದು ನಿಮ್ಮ ತಪ್ಪಲ್ಲ.

ಇದಕ್ಕೆ ಹುಬ್ಬಳ್ಳಿಯಲ್ಲೇ ನಡೆದ ಒಂದು ಒಳ್ಳೆಯ ಪಾಠ ಇದೆ. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ನೀರು ಕೊಡುವ ಯೋಜನೆ ಪ್ರಯೋಗಕ್ಕೆ ಬಂತು. ಉಳಿದ ಓಣಿಗಳವರು ಮೊದಲಿನ ಹಾಗೆಯೇ ದಿನ ಎಣಿಸಬೇಕಿತ್ತು. ದಿನ ಗೊತ್ತಿದ್ದರೂ ಹೊತ್ತು ಗೊತ್ತಿರುತ್ತಿರಲಿಲ್ಲ. ಮನೆಯಲ್ಲಿ ಒಬ್ಬರು ಕೂಲಿ ಬಿಟ್ಟು, ಮದುವೆ ಬಿಟ್ಟು, ಕೊಡ ಇಟ್ಟುಕೊಂಡು ಕೂರಬೇಕು, ಆ ಒಬ್ಬರು ಹೆಚ್ಚಾಗಿ ಹೆಣ್ಣುಮಗಳೇ. 2011ರ ಸುಮಾರಿಗೆ ನೆಕ್ಸ್ಟ್‌ಡ್ರಾಪ್ ಎನ್ನುವ ಸಣ್ಣ ಕಂಪನಿ ಅಲ್ಲಿ ಒಂದು ಸರಳ ಕೆಲಸ ಶುರು ಮಾಡಿತು. ವಾಲ್ವ್‌ಮನ್ ವಾಲ್ವ್ ತಿರುಗಿಸುವ ಹೊತ್ತಿಗೆ ಒಂದು ನಂಬರಿಗೆ ಫೋನ್ ಮಾಡಿ ತಿಳಿಸುವುದು, ಆ ಭಾಗದ ಮನೆಗಳಿಗೆ ನೀರು ಬರುತ್ತಿದೆ ಅಂತ ಎಸ್‌ಎಂಎಸ್ ಹೋಗುವುದು. ಸ್ಮಾರ್ಟ್‌ಫೋನ್ ಬೇಕಿಲ್ಲ, ಇಂಟರ್‌ನೆಟ್ ಬೇಕಿಲ್ಲ. ಆಮೇಲೆ ಆ ಕೆಲಸ ಬೆಂಗಳೂರಿಗೂ ಹೋಯಿತು. ಅಲ್ಲಿ ಸಂಶೋಧಕರು ಮನೆಗಳಲ್ಲಿ ವಿಚಾರಿಸಿ ನೋಡಿದಾಗ ಬಹಳ ಮನೆಗಳಿಗೆ ಸರಿಯಾದ ಸಂದೇಶ ಮುಟ್ಟುತ್ತಲೇ ಇರಲಿಲ್ಲ. ಅದಕ್ಕೆ ಒಂದು ದೊಡ್ಡ ಕಾರಣ, ವಾಲ್ವ್‌ಮನ್‌ಗಳಿಂದಲೇ ಸುದ್ದಿ ಸರಿಯಾಗಿ ಬಾರದೇ ಇದ್ದದ್ದು.

ಅವರನ್ನು ಬೈದು ಪ್ರಯೋಜನ ಇಲ್ಲ. ನಸುಕಿನಲ್ಲಿ ಎದ್ದು ಓಣಿ ಓಣಿ ತಿರುಗಿ ವಾಲ್ವ್ ತಿರುಗಿಸುವವರು, ಸಂಬಳ ಕಡಿಮೆ, ಮೊಬೈಲ್ ಅವರದೇ, ಕರೆನ್ಸಿ ಅವರದೇ. ನೀರು ಬಾರದಿದ್ದರೆ ಹೊಡೆಯಲು ಬರುವವರು ಬರುವುದೂ ಅವರ ಮೇಲೆಯೇ. ಇನ್ನೊಂದು ಕೆಲಸ ಮಾಡು ಎಂದರೆ ಅವರು ಯಾಕೆ ಮಾಡಬೇಕು ಹೇಳಿ?

ಅದಕ್ಕೇ ನಿಮ್ಮ ಮೊದಲ ಕೆಲಸ ಫೇಸ್‌ಬುಕ್ಕಿನಲ್ಲಿ ಇಲ್ಲ. ನಾಳೆ ಬೆಳಿಗ್ಗೆ ನೀರು ಬಿಡುವವರ ಹತ್ತಿರ ಹೋಗಿ ಚಹಾ ಕುಡಿಸಿ ಮಾತಾಡಿ. "ಅಣ್ಣಾ, ದಿನಾ ಎರಡೇ ಎರಡು ವಾಯ್ಸ್ ಮೆಸೇಜ್ ಕಳಿಸ್ರಿ, ಇವತ್ತು ಯಾವ ಓಣಿ, ಎಷ್ಟೊತ್ತಿಗೆ, ಏನಾದ್ರೂ ಕೆಟ್ಟಿದ್ರೆ ಅದನ್ನೂ ಹೇಳ್ರಿ" ಅಂತ ಕೇಳಿ. ಟೈಪ್ ಮಾಡಿ ಅನ್ನಬೇಡಿ, ಫಾರಂ ತುಂಬಿ ಅನ್ನಬೇಡಿ. ಅವರ ಮೊಬೈಲ್ ರೀಚಾರ್ಜ್ ಖರ್ಚನ್ನು ಕಚೇರಿಯಿಂದಲೇ ಕೊಡಿಸಲು ಮುಖ್ಯಾಧಿಕಾರಿಗಳನ್ನು ಕೇಳಿ, ಇದು ಸಣ್ಣ ದುಡ್ಡು, ಆದರೆ ಇದಿಲ್ಲದೆ ಎರಡನೇ ವಾರಕ್ಕೇ ಮೆಸೇಜ್ ನಿಂತುಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಜನರಿಗೂ ಹೇಳಿ, ಮುಂಚೆ ತಿಳಿಸಿದ್ದು ನೀರು ಬಿಡುವ ಸಿಬ್ಬಂದಿ ಅಂತ. ನಿಮ್ಮ ಪುಟದಲ್ಲಿ ಸದಸ್ಯರ ಫೋಟೊ ಎಷ್ಟು ಬಂದಿವೆ, ಇವರದು ಎಷ್ಟು ಬಂದಿವೆ? ಅವರು ಒಪ್ಪಿದರೆ ಒಂದು ಫೋಟೊ ಹಾಕಿ, ಲೈಕ್ ಎಷ್ಟು ಬರುತ್ತವೆ ನೋಡಿ.

ಇನ್ನು ಬರೆಯುವ ರೀತಿ. ನಿಮ್ಮ ಕಚೇರಿಯ ಪ್ರಕಟಣೆ ಸಾಮಾನ್ಯವಾಗಿ ಹೀಗಿರುತ್ತದೆ: "ತಾಂತ್ರಿಕ ಕಾರಣಗಳಿಂದಾಗಿ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ." ಇದನ್ನು ಓದಿ ಒಬ್ಬ ತಾಯಿ ಬ್ಯಾರಲ್ ತುಂಬಿಸಿಕೊಳ್ಳಬೇಕೋ ಬೇಡವೋ? ಗೊತ್ತಾಗುವುದಿಲ್ಲ. ಇದೇ ಸುದ್ದಿಯನ್ನು ಹೀಗೆ ಬರೆಯಿರಿ: "ಜುಲೈ 9, ಬುಧವಾರ. ಹೊಳೆ ಹತ್ತಿರದ ಮೋಟಾರ್ ಸುಟ್ಟಿದೆ. ಹಳೆ ಬಸ್‌ಸ್ಟ್ಯಾಂಡ್ ಹಿಂದಿನ ಓಣಿ, ಬಸವಣ್ಣನ ಗುಡಿ ಓಣಿ, ಸಂತೆ ಬಯಲಿಗೆ ಇವತ್ತು ನೀರು ಬರುವುದಿಲ್ಲ. ಶುಕ್ರವಾರ ಬೆಳಿಗ್ಗೆ 6ರಿಂದ 8ರವರೆಗೆ ಬಿಡುತ್ತೇವೆ. ಅಲ್ಲಿಯತನಕ ಟ್ಯಾಂಕರ್ ಬೇಕಾದರೆ ಈ ನಂಬರಿಗೆ ಫೋನ್ ಮಾಡಿ. ಮುಂದಿನ ಸುದ್ದಿ ನಾಳೆ ಸಂಜೆ 5ಕ್ಕೆ." ವಾರ್ಡ್ ನಂಬರ್ ಒಂದನ್ನೇ ಬರೆಯಬೇಡಿ. ವಾರ್ಡಿನ ಗಡಿ ಬದಲಾಗುತ್ತಾ ಇರುತ್ತದೆ, ನಮ್ಮ ಕಡೆ ಯಾರಿಗೂ ತಮ್ಮ ವಾರ್ಡ್ ನಂಬರ್ ನೆನಪಿರುವುದಿಲ್ಲ. ಗುಡಿ, ದರ್ಗಾ, ಶಾಲೆ, ಬಾವಿ, ಇವೇ ಮಂದಿಯ ವಿಳಾಸ.

ದಿನಾಂಕ ಬಿಡಬೇಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ತರಬೇತಿ ಶುರು ಮಾಡಿದ ಹೊಸದರಲ್ಲಿ ಒಂದು ಊರಿನ ಗ್ರೂಪಿಗೆ ನಾನೇ "ನಾಳೆ ನೀರು ಬರುತ್ತದೆ, ತುಂಬಿಟ್ಟುಕೊಳ್ಳಿ" ಎಂದು ಬರೆದುಕೊಟ್ಟೆ. ಮೂರು ವಾರದ ಮೇಲೆ ಅದೇ ಮೆಸೇಜನ್ನು ಯಾರೋ ಇನ್ನೊಂದು ಗ್ರೂಪಿಗೆ ಕಳಿಸಿದ್ದಾರೆ. ಒಬ್ಬ ಹೆಣ್ಣುಮಗಳು ಹೊಲದ ಕೆಲಸ ಬಿಟ್ಟು ಇಡೀ ದಿನ ನಳದ ಮುಂದೆ ಕೂತಿದ್ದರು. ಅವರ ಒಂದು ದಿನದ ಕೂಲಿ ಹೋಯಿತು, ನಾನು "ನಾಳೆ" ಎಂದು ಬರೆದದ್ದಕ್ಕೆ. ಆವತ್ತಿನಿಂದ ತಾರೀಕು, ವಾರ, ಹೊತ್ತು ಇಲ್ಲದೆ ಒಂದು ಸಾಲೂ ಕಳಿಸಿಲ್ಲ.

ಇನ್ನೊಂದು ವಿಷಯ ಸಣ್ಣದು ಅನಿಸುತ್ತದೆ, ಆದರೆ ನಮ್ಮ ಕಚೇರಿಗಳಲ್ಲಿ ಬಹಳ ದೊಡ್ಡದು. ಪ್ರಕಟಣೆಯನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸೀಲು ಹೊಡೆದು, ಅದರ ಫೋಟೊ ಹೊಡೆದು ಹಾಕುತ್ತೀರಿ ಅಲ್ವಾ? ಎಲ್ಲರೂ ಹಾಗೇ ಮಾಡುತ್ತಾರೆ, ಯಾಕೆಂದರೆ ಆ ಫಾಂಟಿನ ಅಕ್ಷರವನ್ನು ನೇರವಾಗಿ ಫೇಸ್‌ಬುಕ್ಕಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಆದರೆ ಫೋಟೊದಲ್ಲಿರುವ ಅಕ್ಷರ ಸಣ್ಣ ಮೊಬೈಲಿನಲ್ಲಿ ಓದಲು ಬರುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರ ಮೊಬೈಲ್ ಅದನ್ನು ಸರಿಯಾಗಿ ಓದಿ ಹೇಳುವುದಿಲ್ಲ. ನುಡಿಯಲ್ಲೇ ಯೂನಿಕೋಡ್ ಇದೆ, ಅದರಲ್ಲಿ ಬರೆದದ್ದು ಫೇಸ್‌ಬುಕ್ಕಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ, ಅದಕ್ಕೆ ಬದಲಾಯಿಸಿಕೊಳ್ಳಿ. ಹಳೆಯದನ್ನು ಯೂನಿಕೋಡ್ ಮಾಡುವ ಪರಿವರ್ತಕಗಳೂ ಪುಕ್ಕಟೆ ಸಿಗುತ್ತವೆ. ಸೀಲು ಹೊಡೆದ ಫೋಟೊ ಬೇಕೇ ಬೇಕು ಅಂತ ಸಾಹೇಬರು ಹೇಳಿದರೆ ಹಾಕಿ, ಆದರೆ ಮೇಲೆ ನಾಲ್ಕು ಸಾಲು ಅಕ್ಷರದಲ್ಲಿಯೂ ಬರೆಯಿರಿ. ಓದಲು ಬಾರದವರು ನಮ್ಮ ಊರುಗಳಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ, ಅವರಿಗಾಗಿ ಅದೇ ಸುದ್ದಿಯನ್ನು ಅರ್ಧ ನಿಮಿಷದ ಆಡಿಯೊ ಮಾಡಿ. ನಿಮ್ಮೂರಲ್ಲಿ ಉರ್ದು, ಲಂಬಾಣಿ ಮಾತಾಡುವ ಓಣಿಗಳಿದ್ದರೆ ಆ ಭಾಷೆಯಲ್ಲೂ ಒಬ್ಬರಿಂದ ಹೇಳಿಸಿ. ಆಡಿಯೊ ಸಿದ್ಧ ಇದ್ದರೆ ಇನ್ನೊಂದು ಲಾಭ, ಬೆಳಿಗ್ಗೆ ಓಣಿಗೆ ಬರುವ ಕಸದ ಗಾಡಿಯ ಸ್ಪೀಕರಿನಲ್ಲೂ ಅದನ್ನೇ ಹಾಕಬಹುದು. ಮೊಬೈಲೇ ಇಲ್ಲದ ಅಜ್ಜಿಗೂ ಮುಟ್ಟುತ್ತದೆ.

ವಾಟ್ಸಾಪ್ ಗ್ರೂಪಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದು ಗ್ರೂಪಿಗೆ 1024 ಜನರಷ್ಟೇ ಸೇರಬಹುದು, ಇಡೀ ಊರಿಗೆ ಸಾಲುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಗ್ರೂಪಿನಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ನೀರಿನ ಸುದ್ದಿಗಾಗಿ ಸೇರಿದ ಹೆಣ್ಣುಮಕ್ಕಳಿಗೆ ರಾತ್ರಿ ಹೊತ್ತು ಯಾರ್ಯಾರೋ ಫೋನ್ ಮಾಡಿ ಪೀಡಿಸಿದ್ದನ್ನು ತರಬೇತಿಗಳಲ್ಲಿ ಅವರ ಬಾಯಿಂದಲೇ ಕೇಳಿದ್ದೇನೆ. ಅವರು ಸುಮ್ನೆ ಗ್ರೂಪ್ ಬಿಟ್ಟು ಹೋಗುತ್ತಾರೆ, ಕಾರಣ ಹೇಳುವುದಿಲ್ಲ. ಹೀಗಾಗಿ ಸಾರುವ ಕೆಲಸಕ್ಕೆ ವಾಟ್ಸಾಪ್ ಚಾನೆಲ್ ಮಾಡಿ. 2023ರಲ್ಲಿ ಇದು ನಮ್ಮ ದೇಶಕ್ಕೆ ಬಂತು, ಎಷ್ಟು ಜನ ಬೇಕಾದರೂ ಸೇರಬಹುದು, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಚಾನೆಲ್‌ನಲ್ಲಿ ಜನ ತಿರುಗಿ ಬರೆಯಲು ಬರುವುದಿಲ್ಲ. ಅದಕ್ಕೆ ದೂರು ಹೇಳಲು ಕಚೇರಿಯದೇ ಒಂದು ನಂಬರ್ ಇಟ್ಟು, ಪ್ರತಿ ಸುದ್ದಿಯ ಕೊನೆಗೂ ಅದನ್ನು ಬರೆಯಿರಿ. ಈಗಿರುವ ಗ್ರೂಪನ್ನು ಒಂದೇ ದಿನ ಕಿತ್ತು ಹಾಕಬೇಡಿ, ಎರಡು ತಿಂಗಳು ಜೊತೆಯಲ್ಲೇ ನಡೆಸಿ.

ಈಗ ಕಮೆಂಟಿಗೆ ಬರೋಣ, ನೀವು ಕೇಳಿದ್ದು ಅದನ್ನೇ ಅಲ್ವಾ.

ಬರುವುದನ್ನೆಲ್ಲ ಒಂದೇ ಅಂತ ತಿಳಿಯಬೇಡಿ. ಕೆಲಸದ ಮೇಲಿನ ಸಿಟ್ಟು ಎಷ್ಟೇ ಖಾರ ಇರಲಿ, ಬ್ಯಾಡಗಿ ಸೀಮೆಯಲ್ಲಿದ್ದೀರಿ, ಖಾರ ಸಹಿಸಿಕೊಳ್ಳಿ, ಅಳಿಸಬೇಡಿ. ಜಾತಿ, ಧರ್ಮ ಹಿಡಿದು ಕೆಣಕುವುದು, ಹೆಣ್ಣುಮಕ್ಕಳ ಮೇಲೆ ಹೊಲಸು ಬರೆಯುವುದು, ಜೀವ ಬೆದರಿಕೆ, ಬೇರೆಯವರ ಫೋನ್ ನಂಬರ್, ವಿಳಾಸ ಹಾಕುವುದು, ಇವನ್ನು ತಡ ಮಾಡದೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಮರೆಮಾಡಿ, ಮೇಲಿನವರಿಗೆ ತಿಳಿಸಿ, ಬೆದರಿಕೆ ಇದ್ದರೆ ಪೊಲೀಸರಿಗೂ. ಏನನ್ನು ಅಳಿಸುತ್ತೀರಿ, ಏನನ್ನು ಅಳಿಸುವುದಿಲ್ಲ ಅನ್ನುವುದನ್ನು ಐದು ಸಾಲಿನಲ್ಲಿ ಬರೆದು ಪುಟದ ಮೇಲ್ಗಡೆ ಪಿನ್ ಮಾಡಿ. ಬೈದವರ ಮೇಲೆಲ್ಲ ಕೇಸ್ ಹಾಕೋಣ ಅನ್ನುವವರು ಪ್ರತಿ ಕಚೇರಿಯಲ್ಲೂ ಒಬ್ಬರಿರುತ್ತಾರೆ. ಆನ್‌ಲೈನ್‌ನಲ್ಲಿ ಮನ ನೋಯುವಂತೆ ಬರೆದವರ ಮೇಲೆ ಕೇಸ್ ಹಾಕಲು ಬಳಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ ಅಂತ ಅವರಿಗೆ ಮೆತ್ತಗೆ ನೆನಪಿಸಿ. ಪುರಸಭೆಯನ್ನು ಟೀಕಿಸುವುದು ನಾಗರಿಕರ ಹಕ್ಕು.

ಉತ್ತರ ಬರೆಯುವಾಗ "ನಿಮ್ಮ ದೂರನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ" ಅನ್ನುವ ಸಾಲನ್ನು ದಯವಿಟ್ಟು ಬಳಸಬೇಡಿ. ಮಂದಿ ಅದನ್ನು ಓದಿ ಓದಿ ಬೇಸತ್ತಿದ್ದಾರೆ. ಯಾರಿಗೆ ಹೇಳಿದಿರಿ, ಯಾವಾಗ ಬರುತ್ತಾರೆ, ಇಷ್ಟು ಬರೆಯಿರಿ. ಗೊತ್ತಿಲ್ಲದಿದ್ದರೆ "ಕೇಳಿ ನಾಳೆ ಸಂಜೆಯೊಳಗೆ ಹೇಳುತ್ತೇನೆ" ಎನ್ನಿ, ಹೇಳಿದ ಹಾಗೆ ನಾಳೆ ಸಂಜೆ ಬರೆಯಿರಿ, ಇನ್ನೂ ಗೊತ್ತಾಗಿಲ್ಲ ಎಂದಾದರೂ ಬರೆಯಿರಿ. ಆಗದ ಕೆಲಸವನ್ನು ಆಗುವುದಿಲ್ಲ ಅಂತಲೇ ಹೇಳಿ. "ಈ ಗಟಾರಕ್ಕೆ ಈ ವರ್ಷದ ಬಜೆಟ್‌ನಲ್ಲಿ ದುಡ್ಡಿಲ್ಲ, ಮುಂದಿನ ಸಾಮಾನ್ಯ ಸಭೆಯಲ್ಲಿ ಇಡಲು ನಿಮ್ಮ ವಾರ್ಡಿನ ಸದಸ್ಯರಿಗೆ ಅರ್ಜಿ ಕೊಡಿ" ಎಂದರೆ ಅವರಿಗೆ ಮುಂದಿನ ದಾರಿಯಾದರೂ ಕಾಣುತ್ತದೆ. ಕಮೆಂಟ್‌ನಲ್ಲಿ ಬಂದ ದೂರನ್ನು ಅಲ್ಲಿಗೇ ಬಿಟ್ಟರೆ ಅದು ಎರಡು ದಿನಕ್ಕೆ ಕೆಳಗೆ ಸರಿದು ಕಳೆದುಹೋಗುತ್ತದೆ. ಅದಕ್ಕೆ ಒಂದು ನಂಬರ್ ಸಿಗಬೇಕು. ನಗರ ಸ್ಥಳೀಯ ಸಂಸ್ಥೆಗಳಿಗೆ ದೂರು ದಾಖಲಿಸುವ ಜನಹಿತ ಆ್ಯಪ್ ಇದೆ, ರಾಜ್ಯಕ್ಕೆಲ್ಲ ಜನಸ್ಪಂದನದ 1902 ಸಹಾಯವಾಣಿ ಇದೆ. ದೂರು ದಾಖಲಿಸಲು ಅವರಿಗೆ ನೀವೇ ಸಹಾಯ ಮಾಡಿ, ಸಿಕ್ಕ ನಂಬರನ್ನು ಅವರಿಗೆ ಖಾಸಗಿಯಾಗಿ ಕಳಿಸಿ. ಜೊತೆಗೆ ಒಂದು ಸಾದಾ ರಿಜಿಸ್ಟರ್ ಇಡಿ: ತಾರೀಕು, ಓಣಿ, ವಿಷಯ, ಯಾರಿಗೆ ಹೇಳಿದೆ, ಏನಾಯಿತು. ತಿಂಗಳ ಕೊನೆಗೆ ಅದನ್ನು ಮುಖ್ಯಾಧಿಕಾರಿಗಳ ಮುಂದೆ ಇಡಿ. ಒಂದೇ ಓಣಿಯಿಂದ ಹದಿನಾಲ್ಕು ಸಲ ಒಂದೇ ದೂರು ಬಂದದ್ದು ಕಾಗದದ ಮೇಲೆ ಕಂಡಾಗ ಎಂಜಿನಿಯರ್ ಕೂಡ ಎದ್ದು ಹೋಗಿ ನೋಡುತ್ತಾರೆ.

ದುಡ್ಡು ತಿಂದಿರಿ ಅನ್ನುವುದಕ್ಕೆ ಜಗಳ ಬೇಡ. ಕೆಲಸದ ಹೆಸರು, ಮಂಜೂರಾದ ಮೊತ್ತ, ಇಲ್ಲಿಯತನಕ ಬಿಲ್ ಆದದ್ದೆಷ್ಟು, ಮುಗಿಯಬೇಕಾದ ದಿನ, ಇಷ್ಟನ್ನು ಪ್ರತಿ ಕಾಮಗಾರಿಗೂ ಹಾಕಿ. ಇದನ್ನು ಹಾಕಲು ಸಾಹೇಬರು ಹಿಂಜರಿಯಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ತೋರಿಸಿ. ಯಾರೂ ಅರ್ಜಿ ಹಾಕದಿದ್ದರೂ ಕಚೇರಿ ತಾನಾಗಿಯೇ ಮಾಹಿತಿ ಪ್ರಕಟಿಸಬೇಕು, ಅದೂ ಸ್ಥಳೀಯ ಭಾಷೆ ಮತ್ತು ಆ ಊರಿಗೆ ಚೆನ್ನಾಗಿ ಮುಟ್ಟುವ ವಿಧಾನವನ್ನು ನೋಡಿಕೊಂಡು ತಿಳಿಸಬೇಕು ಅಂತ ಅದರಲ್ಲೇ ಇದೆ. ಆದರೆ ಫಲಾನುಭವಿಗಳ ಪಟ್ಟಿ ಹಾಕುವಾಗ ಆಧಾರ್ ನಂಬರ್, ಬ್ಯಾಂಕ್ ಖಾತೆ, ಮೊಬೈಲ್ ನಂಬರ್ ಇರುವ ಕಾಲಂ ತೆಗೆದು ಹಾಕಿ. ಇಡೀ ಎಕ್ಸೆಲ್ ಶೀಟನ್ನೇ ಗ್ರೂಪಿಗೆ ಬಿಟ್ಟದ್ದನ್ನು ಒಂದಕ್ಕಿಂತ ಜಾಸ್ತಿ ಕಡೆ ನೋಡಿದ್ದೇನೆ, ಬಡವರ ಖಾತೆಗಳ ವಿಷಯ, ಬಹಳ ಅಪಾಯ.

ಮಳೆಗಾಲಕ್ಕೆ ಬೇರೆಯೇ ತಯಾರಿ ಬೇಕು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಗದಗ ಜಿಲ್ಲೆಯ ಕೊಣ್ಣೂರು, ಹೊಳೆಆಲೂರು ಕಡೆ ಜನ ಮನೆ ಬಿಟ್ಟು ಬಂದದ್ದು ನಿಮಗೂ ನೆನಪಿರಬಹುದು. ನಿಮ್ಮ ಜಿಲ್ಲೆಯಲ್ಲಿ ವರದಾ, ಧರ್ಮಾ, ಕುಮುದ್ವತಿ, ತುಂಗಭದ್ರಾ ಇವೆ. ಅಂಥ ಹೊತ್ತಿನಲ್ಲಿ ಹಳೆಯ ವಿಡಿಯೊ, ಬೇರೆ ಊರಿನ ವಿಡಿಯೊ ನಮ್ಮೂರಿನದೇ ಅಂತ ಓಡಾಡುತ್ತವೆ. ನೀವು ಸುಮ್ಮನಿದ್ದಷ್ಟೂ ಅವು ಹೆಚ್ಚು ಓಡುತ್ತವೆ. ಎರಡು ತಾಸಿಗೊಮ್ಮೆ, ಏನೂ ಬದಲಾಗದಿದ್ದರೂ, "ಮಧ್ಯಾಹ್ನ 2 ಗಂಟೆ, ಸೇತುವೆ ಮೇಲೆ ನೀರಿಲ್ಲ, ರಸ್ತೆ ತೆರೆದಿದೆ" ಅಂತ ಬರೆಯುತ್ತಾ ಇರಿ. ನದಿಗೆ ಎಷ್ಟು ನೀರು ಬಿಟ್ಟರು ಅನ್ನುವುದನ್ನು ಜಿಲ್ಲಾಡಳಿತ ಹೇಳಿದಷ್ಟೇ ಹಾಕಿ, ಯಾರೋ ಫೋನಿನಲ್ಲಿ ಹೇಳಿದ್ದನ್ನು ಹಾಕಬೇಡಿ.

ನಿಮ್ಮ ಹಿತಕ್ಕಾಗಿ ಒಂದು ಮಾತು. ಆ ಪುಟ ನಿಮ್ಮ ಸ್ವಂತ ಜಿಮೇಲ್, ಸ್ವಂತ ಸಿಮ್‌ನಲ್ಲಿ ಇದ್ದರೆ ಈ ವಾರವೇ ಕಚೇರಿಯ ಇಮೇಲ್‌ಗೆ, ಕಚೇರಿಯ ಸಿಮ್‌ಗೆ ಬದಲಾಯಿಸಿ. ನಾಳೆ ನಿಮ್ಮನ್ನು ಬೇರೆ ಕಡೆ ಹಾಕಿದರೆ ಪುಟ ಅನಾಥ ಆಗುತ್ತದೆ, ಏನಾದರೂ ತಪ್ಪಾದರೆ ನಿಮ್ಮ ತಲೆಗೆ ಬರುತ್ತದೆ. ಕೇಂದ್ರ ಸರ್ಕಾರ 2012ರಲ್ಲೇ ಸರ್ಕಾರಿ ಕಚೇರಿಗಳು ಸಾಮಾಜಿಕ ಜಾಲತಾಣ ಬಳಸಲು ಮಾರ್ಗಸೂಚಿ ಕೊಟ್ಟಿದೆ. ಖಾತೆ ಯಾರ ಕೈಯಲ್ಲಿರಬೇಕು, ಉತ್ತರ ಯಾರು, ಹೇಗೆ ಕೊಡಬೇಕು, ದಾಖಲೆ ಹೇಗೆ ಇಡಬೇಕು ಅನ್ನುವುದೆಲ್ಲ ಅದರಲ್ಲಿದೆ. ಅದನ್ನು ಆಧಾರ ಇಟ್ಟುಕೊಂಡು ಒಂದು ಪುಟದ ಕಚೇರಿ ಆದೇಶ ಮಾಡಿಸಿಕೊಳ್ಳಿ. ನೀರಿಗೆ ಯಾರು, ಸ್ವಚ್ಛತೆಗೆ ಯಾರು, ಕಾಮಗಾರಿಗೆ ಯಾರು ನಿಮಗೆ ಮಾಹಿತಿ ಕೊಡಬೇಕು, ಎಷ್ಟೊತ್ತಿನೊಳಗೆ, ನೀವು ರಜೆ ಹಾಕಿದ ದಿನ ಯಾರು ನೋಡಬೇಕು, ಇವುಗಳಿಗೆ ಹೆಸರು ಮತ್ತು ಸಹಿ ಇರಲಿ. ರಾತ್ರಿ ಹನ್ನೊಂದಕ್ಕೆ ಬಂದ ಬೈಗುಳಕ್ಕೆ ಹಾಸಿಗೆಯಲ್ಲಿ ಕೂತು ಉತ್ತರ ಬರೆಯುವುದು ನಿಮ್ಮ ಕೆಲಸ ಅಲ್ಲ. "ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ ಉತ್ತರಿಸುತ್ತೇವೆ" ಅಂತ ಪುಟದಲ್ಲೇ ಬರೆದುಬಿಡಿ.

ಕೊನೆಗೆ ಆ ದಿನಾ ಬರೆಯುವವರ ವಿಷಯ. ಅವರು ಈ ಎಂಟು ತಿಂಗಳು ಬರೆದದ್ದನ್ನೆಲ್ಲ ಒಂದು ಹಾಳೆಗೆ ಇಳಿಸಿ. ಬೈಗುಳ ತೆಗೆದು ಉಳಿದದ್ದನ್ನು ಓದಿ. ನನ್ನ ಅನುಭವದಲ್ಲಿ ಇಂಥವರ ಬರಹದಲ್ಲಿ ಹೆಚ್ಚಾಗಿ ಒಂದೇ ಗಟಾರ, ಒಂದೇ ಕಂಬ, ಒಂದೇ ಖಾತೆ ಬದಲಾವಣೆ ಇರುತ್ತದೆ. ಅದು ಯಾವುದು ಅಂತ ಗೊತ್ತಾದ ಮೇಲೆ ಪುಟದಲ್ಲಿ ಉತ್ತರ ಬರೆಯಬೇಡಿ. ಕಚೇರಿ ನಂಬರಿನಿಂದ ಫೋನ್ ಮಾಡಿ, "ಅಣ್ಣಾರ, ಪುರಸಭೆಯಿಂದ ಮಾತಾಡ್ತೀನ್ರಿ, ಆ ಗಟಾರ ನೋಡಾಕ ನಾಳೆ ಹತ್ತಕ್ಕ ನಮ್ಮವರು ಬರ್ತಾರ, ನೀವು ಅಲ್ಲೇ ಇರ್ತೀರೇನು?" ಅಂತ ಕೇಳಿ. ಫೋನ್ ಮಾಡುವ ಮುಂಚೆ, ನಾಳೆ ಹತ್ತಕ್ಕೆ ನಿಮ್ಮವರು ನಿಜವಾಗಿಯೂ ಹೋಗುತ್ತಾರೆ ಅಂತ ಹೆಲ್ತ್ ಇನ್ಸ್‌ಪೆಕ್ಟರ್ ಹತ್ತಿರ ಖಚಿತ ಮಾಡಿಕೊಳ್ಳಿ.